ಸವಳು ನೆಲದಿಂದ ಬರುತ್ತಿದ್ದ ಅಕ್ಕನ ದನಿ

…ಇಲ್ಲ, ಹೊಲದ ಆ ಮೂಲೆ ಬೆಳ್ಳಗೆ ಹೊಳೆಯುತ್ತಿತ್ತು ಅನ್ನುವುದು ನನ್ನ ನೆನಪಲ್ಲ. ಅಕ್ಕ ಆಮೇಲೆ ಕಳಿಸಿದ ಫೋಟೊ ಇರಬೇಕು. ಹುಣಸಗಿಯ ಹತ್ತಿರ ಅವಳ ಗಂಡನ ಹೊಲ. ಕಾಲುವೆ ನೀರು ನಿಂತು ನಿಂತು ಒಂದು ಮೂಲೆ ಸವಳಾಗಿತ್ತು. ಉಪ್ಪು ಮೇಲೆದ್ದು, ನೆಲ್ಲು ಹಾಕಿದರೆ ಸುಟ್ಟುಹೋಗುತ್ತಿತ್ತು. ಯಾವುದಕ್ಕೂ ಬಾರದ ಜಾಗವೆಂದು ಅಕ್ಕನ ರೇಡಿಯೊದ ಆಂಟೆನಾ ಕಂಬವನ್ನು ಅಲ್ಲಿ ನಿಲ್ಲಿಸಿದ್ದೆವು.

ನಾವಿಬ್ಬರೂ ಕಾಲೇಜಿನಲ್ಲಿದ್ದಾಗ, ಹವ್ಯಾಸಿಗಳು ದೂರದಿಂದಲೇ ಪರಸ್ಪರ ಮಾತಾಡುವ ಹ್ಯಾಮ್ ರೇಡಿಯೊ ಕಲಿತು ಲೈಸೆನ್ಸ್ ಪಡೆದವರು. ನನ್ನ ಮನೆ ಶಹಾಪುರದಲ್ಲಿ, ಬಂಡೆಯ ಮೇಲೆ. ನೆಟ್ಟಗೆ ನಿಲ್ಲಿಸಿದ ಆಂಟೆನಾಕ್ಕೆ ಕೆಳಗಿನ ನೆಲವೇ ಇನ್ನರ್ಧ; ನೆಲದಲ್ಲಿ ಹಸಿ, ಉಪ್ಪು ಇದ್ದಷ್ಟೂ ವಿದ್ಯುತ್ತು ಚೆನ್ನಾಗಿ ಹರಿದು ದನಿ ಗಟ್ಟಿಯಾಗಿ ಹೋಗುತ್ತದೆ. ಕಂಬದ ಬುಡದಿಂದ ಸುತ್ತ ಹರಡಿದ ನನ್ನ ತಂತಿಗಳು ಒಣ ಕಲ್ಲಿನ ಮೇಲೆ ಸುಮ್ಮನೆ ಬಿದ್ದಿದ್ದವು; ಅವಳವು ಹಸಿ ಉಪ್ಪುಮಣ್ಣಿನಲ್ಲಿ ಹೂತಿದ್ದವು. ಅವಳ ದನಿ ಪಕ್ಕದ ಕೋಣೆಯಿಂದ ಬಂದಂತೆ ಬರುತ್ತಿತ್ತು.

“ನೀ ನೆಲದಾಗಿನ ಕಾಳಿನ ಹಗೇವಿನೊಳಗ ಕುಂತು ಮಾತಾಡಿದಂಗ ಕೇಳಾಕತ್ತದ,” ಎನ್ನುತ್ತಿದ್ದಳು. ಆಮೇಲೆ ನಾನು ಕಂಬವನ್ನು ತಗಡಿನ ಚಾವಣಿಗೆ ಏರಿಸಿ, ತಗಡನ್ನೇ ನೆಲ ಮಾಡಿಕೊಂಡೆ.

“ಈಗ ಹೊರಗ ಬಂದಿ ನೋಡು.”

ಫೋನಿನಲ್ಲಾದರೆ ಅವಳು “ಎಲ್ಲಾ ಆರಾಮ” ಎಂದು ಇಟ್ಟುಬಿಡುತ್ತಾಳೆ. ರೇಡಿಯೊದಲ್ಲಿ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಬೇಕು. ತುಂಬಿದ ಮನೆಯಲ್ಲಿ ಮಾತಿನ ನಡುವೆ ಎದ್ದುಹೋಗಿ ರೂಢಿಯಾದವಳು ಅಲ್ಲಿ ಮಾತ್ರ ವಾಕ್ಯ ಮುಗಿಸುತ್ತಿದ್ದಳು. ಆ ಸಂಜೆಗಳು ನನಗೆ ಬೇಕಿದ್ದವು.

“ಬೆಳಿ ಬರಲಾರದ ಹೊಲದಾಗ ಅಕ್ಕ-ತಂಗಿ ಬರೇ ಮಾತ ಬೆಳೀತೀರಿ,” ಎಂದು ಅವಳ ಗಂಡ, ನನಗೆ ಮಾಮಾ, ರೇಗಿಸುತ್ತಿದ್ದರು. ಒಂದು ಬೇಸಿಗೆ ಅವರೇ ಫೋನ್ ಮಾಡಿದರು.

“ಬಸಿಗಾಲುವಿ ತೆಗೆದು ಉಪ್ಪು ತೊಳದ್ರ ಆ ಮೂಲಿ ಸರಿ ಆಗತದ ಅಂತಾರ. ನಿಮ್ಮ ರೇಡಿಯೋಕ್ಕ ಕೇಡು ಅಂತ ನಿಮ್ಮಕ್ಕ ಹೂಂ ಅನವಲ್ಲಳು. ನೀನರೆ ಹೇಳವ್ವ.”

“ತೆಗೀರಿ ಮಾಮಾ. ಉಣ್ಣೂ ನೆಲ ಅದು.”

“ಆಮ್ಯಾಲ ಇಬ್ರೂ ಕೂಡಿ ನನಗ ಬೈಬ್ಯಾಡ್ರಿ.”

“ನಾ ರೇಡಿಯೋದಾಗ ಬೈದ್ರೂ ಅಕ್ಕಗ ಕೇಳಂಗಿಲ್ಲ ಬಿಡ್ರಿ.”

ಇಷ್ಟು ಬೇಗ ಒಪ್ಪಿದೆನೆ? ಹಾಗೆಂದೇ ನೆನಪಿದೆ. ಅದಕ್ಕೇ ಅನುಮಾನ.

ಬಸಿಗಾಲುವೆ ತೆಗೆದರು, ಜಿಪ್ಸಮ್ ಹಾಕಿ ನೀರು ಕಟ್ಟಿ ತೊಳೆದರು. ನಿಧಾನಕ್ಕೆ ನೆಲ್ಲು ಎದ್ದಿತು. ಉಪ್ಪು ಹೋದಂತೆ ರೇಡಿಯೊದಲ್ಲಿ ಅಕ್ಕನ ದನಿ ಇಳಿಯಿತು. ಸುರಪುರದಲ್ಲಿ ಬಸ್ಸು ಬದಲಿಸಿ ಅವಳ ಹೊಲಕ್ಕೆ ಹೋಗಿ, ತಂತಿಗಳನ್ನೆಲ್ಲ ಮುಟ್ಟಿ ನೋಡಿದೆ. ಒಂದೂ ಕಡಿದಿರಲಿಲ್ಲ. ಕಂಬದ ಬುಡದವರೆಗೂ ತೆನೆ. ಅಕ್ಕ ಒಂದನ್ನು ಅಂಗೈಯಲ್ಲಿ ಹೊಸಕಿ, ಊದಿ, ನನ್ನ ಕೈಗೆ ಸುರಿದಳು.

“ಕಾಳು ಹ್ಯಾಂಗ ಗಟ್ಟಿ ಆಗ್ಯಾವ ನೋಡು.”

ಈಗಲೂ ಸಂಜೆ ಕರೆಯುತ್ತಾಳೆ. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತೇನೆ. ನಮ್ಮ ಈ ಬಗೆಯ ರೇಡಿಯೊದಲ್ಲಿ ಮೆಲ್ಲಗೆ ಮಾತಾಡಿದರೂ ಹೊರಡುವ ಅಲೆ ಸಣ್ಣದಾಗಿ, ದನಿ ಕ್ಷೀಣವಾಗುತ್ತದೆ. ಅವಳು ಈಗ ಮೆಲ್ಲಗೆ ಮಾತಾಡುತ್ತಾಳೆ ಅನ್ನಿಸುತ್ತದೆ, ಅವಸರವಿಲ್ಲದವರ ಹಾಗೆ. ಕೇಳಿದರೆ, “ನಾ ಮೊದಲಿನಂಗೇ ಮಾತಾಡ್ತೀನಿ,” ಅನ್ನುತ್ತಾಳೆ. ದನಿ ಇಳಿದದ್ದರಲ್ಲಿ ಮಣ್ಣಿನದೆಷ್ಟು, ಅವಳದೆಷ್ಟು, ನನಗೆ ಗೊತ್ತಿಲ್ಲ.