ಮುಚ್ಚಳದ ಒಳಗಿನ ಗುರುತು

ಪಕ್ಕದ ಅಂಗಡಿಯ ವಾಚ್ ರಿಪೇರಿಯವನಿಗೆ ನಮ್ಮ ಬೀದಿ ಇಟ್ಟ ಹೆಸರು ‘ಅರೆನಿಮಿಷ’. ಯಾರು ಏನು ಕೇಳಿದರೂ “ಅರೆ ನಿಮಿಷ ಇರಿ” ಎನ್ನುವುದು, ಆಮೇಲೆ ಅರ್ಧ ದಿನ ಕೂರಿಸುವುದು. ನಾನು ಮಾತ್ರ ಅಣ್ಣ ಎನ್ನುತ್ತಿದ್ದೆ. ಒಡಹುಟ್ಟಿದವನೇನಲ್ಲ. ನನ್ನ ಜೆರಾಕ್ಸ್ ಅಂಗಡಿಗೂ ಅವನ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಇಪ್ಪತ್ತೆರಡು ವರ್ಷ ಅದರ ಆಚೆ ಈಚೆ ಕೂತು ಜಗಳವಾಡಿದ ಮೇಲೆ ಇನ್ನೇನಂತ ಕರೆಯಬೇಕು?

ಕೆಲಸದಲ್ಲಿ ಮಹಾ ಶಿಸ್ತಿನವನು. ಬಿಚ್ಚಿದ ಸ್ಕ್ರೂಗಳ ಮೇಲೆ ಗಾಜಿನ ಲೋಟ ಬೋರಲು ಹಾಕುತ್ತಿದ್ದ. ನಾನು ಅತ್ತ ತಲೆ ಹಾಕಿದರೆ ಸಾಕು, “ಸೀನೋದಿದ್ರೆ ನಿನ್ನ ಅಂಗಡೀಲಿ ಸೀನು ತಾಯಿ” ಎಂದು ಗದರುತ್ತಿದ್ದ. ರಿಪೇರಿ ಮುಗಿದ ಮೇಲೆ ವಾಚಿನ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಒಂದು ನಂಬರು ಗೀರುತ್ತಿದ್ದ. ಗಿರಾಕಿಯ ಚೀಟಿಯಲ್ಲೂ ಅದೇ ನಂಬರು. ಅದೇ ವಾಚು ಮತ್ತೆ ಬಂದರೆ ಮತ್ತೊಂದು ನಂಬರು. ಯಾಕೆ ಈ ಉಸಾಬರಿ ಎಂದು ಒಮ್ಮೆ ಕೇಳಿದ್ದೆ.

“ನಾಳೆ ಇನ್ಯಾರೋ ಬಿಚ್ಚಿದಾಗ ಗೊತ್ತಾಗ್ಲಿ, ಇದರ ಹೊಟ್ಟೆಗೆ ಕೈ ಹಾಕಿದ್ದು ಯಾರು ಅಂತ. ತಪ್ಪಾಗಿದ್ರೆ ಬಂದು ನನ್ನ ಮುಖಕ್ಕೆ ಉಗೀಲಿ” ಅಂದ.

ಹೆಂಡತಿ ಬೇಗ ಹೋದಳು. ಇದ್ದವಳು ಒಬ್ಬಳೇ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ. ಅನಾಥಾಶ್ರಮದಲ್ಲಿ ಬೆಳೆದ ಒಬ್ಬ ಡ್ರೈವರನ್ನು ಮೆಚ್ಚಿ ಮದುವೆಯಾದಳು. ಅಣ್ಣ ಮೊದಲು ಮುಖ ಊದಿಸಿಕೊಂಡ, ಆಮೇಲೆ ಕರಗಿದ, ಬಿಳಿ ಡಯಲಿನ ಒಂದು ಸ್ಟೀಲ್ ವಾಚನ್ನು ಅಳಿಯನ ಕೈಗೆ ತಾನೇ ಕಟ್ಟಿದ. ಮದುವೆಯಾಗಿ ಮೂರು ವರ್ಷಕ್ಕೆ, ಅಳಿಯ ಕೆಲಸಕ್ಕಿದ್ದ ಮರದ ಮಿಲ್ಲಿನ ಮಾಲೀಕ ತನ್ನ ಆಫೀಸಿನಲ್ಲೇ ಕೊಲೆಯಾಗಿ ಬಿದ್ದಿದ್ದ. ಅವತ್ತಿನಿಂದ ಡ್ರೈವರ್ ನಾಪತ್ತೆ. ಕೊಂದನೋ, ಕೊಂದದ್ದನ್ನು ನೋಡಿ ಹೆದರಿ ಓಡಿದನೋ, ದೇವರಿಗೇ ಗೊತ್ತು. ಊರಿಗೆ ಮಾತ್ರ ದೇವರಿಗಿಂತ ಹೆಚ್ಚು ಗೊತ್ತಿತ್ತು.

ಅಬ್ಬಬ್ಬಾ, ಆ ಏಳು ತಿಂಗಳು! ಹೊಳೆಗೆ ಹಾರಿದನಂತೆ ಎಂದು ಒಬ್ಬ. ಇಲ್ಲ, ಮಾಲೀಕನ ಕಡೆಯವರೇ ಮುಗಿಸಿದರಂತೆ ಎಂದು ಇನ್ನೊಬ್ಬ. ಪೊಲೀಸರೇ ಹೊಡೆದು ಹೂತರಂತೆ ಎಂದು ಕ್ಷೌರಿಕ, ಕತ್ತರಿ ನಿಲ್ಲಿಸಿ, ಕಿವಿಯಲ್ಲಿ. ನಮ್ಮ ಬೀದಿಯ ಕೊನೆಯ ಟೈಲರಂತೂ ಹೆಣವನ್ನು ಕಣ್ಣಾರೆ ಕಂಡವನ ಷಡ್ಡಕನ ಜೊತೆ ಮಾತಾಡಿದ್ದ! ಒಂದಕ್ಕೆ ನಾಲ್ಕು ಸೇರಿಸುವವರಿಗೆ ಬರವೇ? ನಾನೇನು ಸಾಚಾ ಅಲ್ಲ. ಅಳಿಯನ ಫೋಟೋ ಇದ್ದ ಪೊಲೀಸ್ ಪ್ರಕಟಣೆಗೆ ಇನ್ನೂರು ಪ್ರತಿ ತೆಗೆದುಕೊಟ್ಟವಳು ನಾನೇ. ಪ್ರತಿ ತೆಗೆಯುತ್ತಾ ಗಿರಾಕಿಯೊಬ್ಬರಿಗೆ, “ಎಲ್ಲೋ ಸತ್ತಿರ್ತಾನೆ ಬಿಡಿ, ಬದುಕಿದ್ರೆ ಹೆಂಡ್ತಿಗೆ ಒಂದು ಫೋನಾದ್ರೂ ಮಾಡ್ತಿರ್ಲಿಲ್ವಾ?” ಅಂದೆ. ತಿರುಗಿದರೆ ಬಾಗಿಲಲ್ಲಿ ಅಣ್ಣನ ಮಗಳು. ಅಪ್ಪನಿಗೆ ತಂದ ಊಟದ ಡಬ್ಬಿ ಕೈಯಲ್ಲಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮಾತಾದರೂ ಸಹಿಸಬಹುದು. ಎಲ್ಲಿ ಗುರುತು ಸಿಗದ ಹೆಣ ಬಿದ್ದರೂ ಪೊಲೀಸರು ಅವಳನ್ನೇ ಕರೆದುಕೊಂಡು ಹೋಗುತ್ತಿದ್ದರು. ಮೂರು ಸಲ ಶವಾಗಾರಕ್ಕೆ ಹೋದಳು. ಮೂರು ಸಲವೂ ಅಲ್ಲ ಎಂದು ಬಂದಳು. ಮೂರನೆಯ ಸಲದ ನಂತರ ಊಟ ಒಲ್ಲೆ ಎಂದಳು, ಕೈಯನ್ನು ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆಯತೊಡಗಿದಳು. ಔಷಧಿ ಅಂಗಡಿಯವರು ನಯವಾಗಿಯೇ ಬರಬೇಡ ಎಂದರು.

“ಇನ್ನೊಂದ್ಸಲ ಕರೆದ್ರೆ ಅವಳು ಉಳಿಯಲ್ಲ ಕಣೇ” ಎಂದು ಅಣ್ಣ ಹಲಗೆಯ ಆಚೆಯಿಂದ ಹೇಳಿದ.

ನಾಲ್ಕನೆಯದು ಕಲ್ಲುಕ್ವಾರಿಯ ನೀರಿನಲ್ಲಿ ಸಿಕ್ಕಿತು. ಮುಖ ಉಳಿದಿರಲಿಲ್ಲ. ಕೈಯಲ್ಲಿ ಬಿಳಿ ಡಯಲಿನ ಸ್ಟೀಲ್ ವಾಚಿತ್ತು. ಇನ್ಸ್‌ಪೆಕ್ಟರ್ ಮುಚ್ಚಳ ತೆಗೆಸಿದ್ದ. ಒಳಗೆ ಗೀರಿದ ನಂಬರು. ಊರಿನಲ್ಲಿ ಅಂಥ ನಂಬರು ಗೀರುವವನು ಒಬ್ಬನೇ. ಸೀದಾ ಅಣ್ಣನ ಮೇಜಿಗೆ ಬಂದ. ನಾನು ನನ್ನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ.

“ಈ ಗುರುತು ನಿಮ್ದೇ ತಾನೆ?”

“ನಂದೇ.”

“ಅಳಿಯಂದೇ ವಾಚು ಅಲ್ವಾ? ಹೌದು ಅಂದ್ರೆ ಮಗಳನ್ನ ಕರೆಸೋ ಅಗತ್ಯ ಇಲ್ಲ. ಡಿಎನ್ಎ ತಾಳೆ ನೋಡೋಣ ಅಂದ್ರೆ ಅವನಿಗೆ ರಕ್ತಸಂಬಂಧದವರೂ ಯಾರಿಲ್ಲ.”

ಅಣ್ಣ ಕಣ್ಣಿಗೆ ಸಿಕ್ಕಿಸಿದ್ದ ಮಸೂರ ತೆಗೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ಅರೆ ನಿಮಿಷ ಎನ್ನಲಿಲ್ಲ. ಹೌದೆಂದು ತಲೆ ಆಡಿಸಿದ.

ಹೆಣವನ್ನು ಮಣ್ಣು ಮಾಡಿದರು. ವಾಚನ್ನು ಮಗಳ ಕೈಗೆ ಕೊಟ್ಟರು. ಪತ್ರಿಕೆಯಲ್ಲಿ ಮುಚ್ಚಳದ ಫೋಟೋ ದೊಡ್ಡದಾಗಿ ಬಂತು. ಟೈಲರು “ನಾನು ಹೇಳಿರ್ಲಿಲ್ವಾ?” ಎಂದು ಒಂದು ವಾರ ಎದೆ ಸೆಟೆಸಿಕೊಂಡು ತಿರುಗಿದ. ಆಮೇಲೆ ಊರಿಗೆ ಬೇರೆ ಸುದ್ದಿ ಸಿಕ್ಕಿತು. ಔಷಧಿ ಅಂಗಡಿಯವರು ಅವಳನ್ನು ವಾಪಸ್ ಕರೆದರು. ಕೈ ತೊಳೆಯುವುದೂ ಕಡಿಮೆಯಾಯಿತು. ಸದ್ಯ, ಒಂದು ದಡ ಸೇರಿತು ಅಂದುಕೊಂಡೆ ನಾನು. ಅಣ್ಣ ಮಾತ್ರ ದಿನದಿನಕ್ಕೆ ಇಳಿದುಹೋಗುತ್ತಿದ್ದ.

ಎರಡು ತಿಂಗಳ ಮೇಲೆ ಒಂದು ಸೋಮವಾರ ಒಬ್ಬಳು ಮುದುಕಿ ಬಂದಳು. ಚೀಲದಿಂದ ಮಡಚಿದ ಚೀಟಿ ತೆಗೆದು ಅಣ್ಣನ ಮುಂದಿಟ್ಟಳು.

“ನನ್ನ ಮಗ ಬಣ್ಣ ಹೊಡೆಯೋನು. ಕೆಲಸ ಸಿಕ್ಕ ಕಡೆ ಹೋಗ್ತಾನೆ, ಎರಡು ತಿಂಗಳಿಗೊಂದ್ಸಲ ಬಂದೇ ಬರ್ತಾನೆ. ಈ ಸಲ ಬಂದಿಲ್ಲಪ್ಪ. ಅವನ ಪೆಟ್ಟಿಗೇಲಿ ಈ ಚೀಟಿ ಇತ್ತು. ಇಲ್ಲೇ ವಾಚು ರಿಪೇರಿ ಮಾಡಿಸಿದ್ನಂತೆ. ಆಮೇಲೆ ಈ ಕಡೆ ಬಂದಿದ್ನಾ?”

ಅಣ್ಣ ಚೀಟಿ ನೋಡಿದ. “ಇಲ್ಲಮ್ಮ” ಎಂದ. ಅವಳು ಹೋದಳು. ಮುಂದಿನ ಸೋಮವಾರ ಮತ್ತೆ ಬಂದಳು. ಅದರ ಮುಂದಿನ ಸೋಮವಾರವೂ ಬಂದಳು. ಬಸ್ಸಿಳಿದು ನಡೆದು ಸುಸ್ತಾಗಿ ನನ್ನ ಸ್ಟೂಲಿನ ಮೇಲೆ ಕೂತು ನೀರು ಕುಡಿದು, “ಬದುಕಿರ್ತಾನೆ ಅಲ್ವೇನಮ್ಮ?” ಎಂದು ನನ್ನನ್ನು ಕೇಳಿದಳು. ಹಿಂದೆ ಬಾಯಿ ಬಿಟ್ಟು ಕೆಟ್ಟವಳು ನಾನು. ಈ ಸಲ ಅವಳ ಲೋಟಕ್ಕೆ ಇನ್ನಷ್ಟು ನೀರು ಬಗ್ಗಿಸಿದೆ.

ಅವಳು ಹೋದ ಮೇಲೆ ಅಣ್ಣ ನನ್ನ ಅಂಗಡಿಗೆ ಬಂದು ಕೂತ. “ನಿನ್ನ ವಾಚು ಕೊಡಿಲ್ಲಿ” ಅಂದ. ಅದನ್ನು ಅವನೇ ಹತ್ತು ಸಲವಾದರೂ ರಿಪೇರಿ ಮಾಡಿದ್ದ. ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದ. ಒಳಗೆ ಒಂದು ಗೀರೂ ಇರಲಿಲ್ಲ.

“ಮನೆಯವರ ವಾಚಿಗೆ ನಾನು ನಂಬರು ಹಾಕಲ್ಲ. ಅವರದನ್ನ ಬೇರೆಯವರು ಯಾಕೆ ಬಿಚ್ತಾರೆ, ನಾನಿಲ್ವಾ? ಅಳಿಯನ ವಾಚಿಗೂ ಹಾಕಿರ್ಲಿಲ್ಲ. ಹೆಣದ ಕೈಲಿದ್ದ ವಾಚಿಗೆ ನಂಬರಿತ್ತು. ಹನ್ನೊಂದು ಸಾವಿರದ ನಾನೂರ ಆರು. ಆ ತಾಯಿ ಚೀಟೀಲೂ ಅದೇ.”

ಗುರುತು ಇದೆ, ಆದ್ದರಿಂದ ಅಳಿಯನದು ಎಂದು ಇಡೀ ಊರು ನಂಬಿತ್ತು. ಗುರುತು ಇದ್ದದ್ದರಿಂದಲೇ ಅದು ಅಳಿಯನದಲ್ಲ.

“ಅಯ್ಯೋ ಪಾಪಿ!” ಎಂದೆ. ಬೈದದ್ದು ನಿಜ, ತಪ್ಪೇನು? ಆದರೆ ಬೈಯುವಾಗಲೇ ಅಳುವೂ ಬಂತು. ಶವಾಗಾರದಿಂದ ಬಂದು ಕೈ ಉಜ್ಜುತ್ತಿದ್ದ ಆ ಹುಡುಗಿಯನ್ನು ನಾನೂ ನೋಡಿದ್ದೆನಲ್ಲ.

ಸಂಜೆ ಮಗಳ ಮುಂದೆ ಹೇಳುವಾಗ ಜೊತೆಗಿರು ಎಂದು ಕರೆದುಕೊಂಡು ಹೋದ. ಅವರ ಮನೆ ಎಂದರೆ ಅಂಗಡಿಯ ಹಿಂದಿನ ಎರಡು ಕೋಣೆ; ಮೊದಲ ಸಲ ಕೆಲಸ ಹೋದಾಗಿನಿಂದ ಅವಳೂ ಅಲ್ಲೇ ಇದ್ದಳು. ಅವಳು ಬಟ್ಟೆ ಮಡಚುತ್ತಿದ್ದಳು. ಅಪ್ಪ ಎಲ್ಲ ಹೇಳಿ ಮುಗಿಸುವ ತನಕ ಮಡಚುತ್ತಲೇ ಇದ್ದಳು.

“ನಂಗೆ ಗೊತ್ತಿತ್ತಪ್ಪ” ಎಂದಳು. “ಪೇಪರಲ್ಲಿ ಮುಚ್ಚಳದ ಫೋಟೋ ನೋಡಿದ ದಿನಾನೇ ಗೊತ್ತಾಯ್ತು. ಸತ್ತ ಅಂದ್ರೆ ಅವರನ್ನ ಹುಡುಕೋದು ನಿಲ್ಲಿಸ್ತಾರಲ್ಲ ಅಂತ ಸುಮ್ನಿದ್ದೆ. ಯಾರೂ ಕೇಳೋರಿಲ್ಲದ ಹೆಣ ಅಂದ್ಕೊಂಡಿದ್ದೆ.”

ಅಪ್ಪ ಮಗಳ ಸಲುವಾಗಿ, ಮಗಳು ಗಂಡನ ಸಲುವಾಗಿ, ಎರಡೂವರೆ ತಿಂಗಳು ಒಂದೇ ಸೂರಿನಡಿ ಒಬ್ಬರಿಗೊಬ್ಬರು ಸುಳ್ಳಿನ ದುಃಖ ತೋರಿಸಿಕೊಂಡು ಕೂತಿದ್ದರು.

ಮುದುಕಿ ಮತ್ತೆ ಮತ್ತೆ ಬರುವುದನ್ನು ಅಪ್ಪ ಹೇಳಿರಲಿಲ್ಲ. ಸೋಮವಾರ ಸೋಮವಾರ ಬರುತ್ತಾಳೆ ಎಂದು ನಾನೇ ಹೇಳಿದೆ. ಅವಳು ಎದ್ದು ಬೀರುವಿನಿಂದ ವಾಚು ತಂದು ಅಪ್ಪನ ಅಂಗೈಯಲ್ಲಿಟ್ಟಳು.

“ಆ ಅಮ್ಮಂಗೆ ಅವಳ ಮಗನನ್ನ ಕೊಟ್ಬಿಡಿ. ಕಾಯೋದು ಏನಂತ ನಂಗೊತ್ತು.”

ಮರುದಿನ ಬೆಳಿಗ್ಗೆ ಅಪ್ಪ ಮಗಳು ಠಾಣೆಗೆ ನಡೆದರು. ಇನ್ಸ್‌ಪೆಕ್ಟರ್ ಕೂಗಾಡಿದ, ಸುಳ್ಳು ಹೇಳಿಕೆಗೆ ಕೇಸು ಹಾಕಿದ. ಅದು ಈಗಲೂ ನಡೆಯುತ್ತಿದೆ. ಹೂತಿದ್ದ ಹೆಣದೊಂದಿಗೆ ಮುದುಕಿಯ ರಕ್ತ ತಾಳೆಯಾಯಿತು. ಮಗ ಕ್ವಾರಿಗೆ ಹೇಗೆ ಬಿದ್ದನೆಂದು ಯಾರಿಗೂ ತಿಳಿಯಲಿಲ್ಲ. ಬಣ್ಣ ಹೊಡೆಯುವವನ ಸಾವಿನ ಬಗ್ಗೆ ಊರು ಒಂದು ಮಾತೂ ಆಡಲಿಲ್ಲ. “ಅಳಿಯ ಬದುಕಿದ್ದಾನೆ!” ಎಂಬುದು ಮಾತ್ರ ಮಧ್ಯಾಹ್ನದೊಳಗೆ ಬೀದಿ ದಾಟಿತ್ತು. ಪೊಲೀಸಿನವನೊಬ್ಬ ಹಳೆಯ ಪ್ರಕಟಣೆ ಹಿಡಿದು ಮತ್ತೆ ಇನ್ನೂರು ಪ್ರತಿ ಕೇಳಲು ಬಂದ. ಮಿಷನ್ ಕೆಟ್ಟಿದೆ ಎಂದೆ. ಬೇರೆ ಅಂಗಡಿಗೆ ಹೋದ, ಅಲ್ಲಿ ಕೆಟ್ಟಿರಲಿಲ್ಲ. ಔಷಧಿ ಅಂಗಡಿಯವರು ಮತ್ತೆ ನಯವಾಗಿ ಮಾತಾಡಿದರು.

ಮಗನ ವಾಚು ಕೈಗೆ ಬಂದ ಮೇಲೆ ಮುದುಕಿ ಕೊನೆಯ ಸಲ ಬಂದಳು. ಬೈಯುತ್ತಾಳೆ, ಉಗಿಯುತ್ತಾಳೆ ಎಂದು ನಾನು ಕಾದೆ. ಅಣ್ಣನೂ ಅದಕ್ಕೇ ಕಾದಂತೆ ಎದ್ದು ನಿಂತ. ಅವಳು ವಾಚನ್ನು ಮೇಜಿನ ಮೇಲಿಟ್ಟು, “ನೀರು ಹೋಗಿದೆ. ಓಡೋ ಹಾಗೆ ಮಾಡಿಕೊಡು” ಎಂದಳು ಅಷ್ಟೇ.

ಅಣ್ಣ ಬಾಗಿಲು ಅರ್ಧ ಎಳೆದುಕೊಂಡು ಕೂತ. ತುಕ್ಕು ಒರೆಸಿದ, ಎರಡು ಗಾಲಿ ಬದಲಿಸಿದ, ಎಣ್ಣೆ ಹಾಕಿದ. ಮುದುಕಿ ಅವನ ಕೈಯನ್ನೇ ನೋಡುತ್ತಾ ಕೂತಿದ್ದಳು. ಮಗಳು ಬಂದು ಅವಳ ಪಕ್ಕ ಕೂತಳು. ಮುಳ್ಳು ಓಡತೊಡಗಿತು. ಮುಚ್ಚಳ ಹಾಕುವ ಮೊದಲು ಅಣ್ಣನ ಕೈ ಅಭ್ಯಾಸಬಲದಿಂದ ಸೂಜಿಯ ಕಡೆ ಹೋಯಿತು. ಹೋಗಿ ಹಾಗೇ ನಿಂತಿತು.

ಸೂಜಿ ಮುಟ್ಟದೆ ಮುಚ್ಚಳ ಒತ್ತಿದ. ಹಲಗೆಯ ಈಚೆ ನಿಂತಿದ್ದ ನಾನು ನೋಡಿದೆ. ಅವನ ಮಗಳೂ ನೋಡಿದಳು. ಮುದುಕಿಗೆ ಏನೂ ತಿಳಿಯಲಿಲ್ಲ. ಅವಳು ವಾಚನ್ನು ಕಿವಿಗೆ ಹಿಡಿದು ಕೇಳುತ್ತಿದ್ದಳು.