ಅತ್ತೆ ಹೊಲದಲ್ಲಿ ಸುಮ್ಮನೆ ಕೂತರು

ಕೇಳಿ ಸ್ನೇಹಿತರೇ, ಇವತ್ತು ಮಧ್ಯಾಹ್ನ ಕೊಪ್ಪದ ಹತ್ತಿರ, ಟಿಬೆಟನ್ ಕ್ಯಾಂಪಿನ ಪಕ್ಕ ಇರುವ ನಮ್ಮ ಹೊಲದಲ್ಲಿ ಅಲ್ಲಿಯ ಒಂದು ಕುಟುಂಬ ಹೊಂಗೆ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತಿತ್ತು. ಒಬ್ಬ ಅಜ್ಜಿ, ಅವರ ಮಗಳು, ಇಬ್ಬರು ಮೊಮ್ಮಕ್ಕಳು. ನನ್ನ ಅತ್ತೆ ಕುಡುಗೋಲು ಹಿಡಿದೇ ಅವರ ಮುಂದೆ ಹೋಗಿ ನಿಂತರು.

"ಯಾರ್ನ ಕೇಳಿ ಕೂತ್ಕಂಡ್ರಿ? ಇಲ್ಲೇನ್ ಕೆಲ್ಸ ನಿಮ್ಗೆ?"

"ಕೆಲಸ ಏನಿಲ್ಲಮ್ಮ. ರಜ ಅಲ್ವಾ, ಗಾಳಿಗೆ ಬಂದ್ವಿ. ಬೇಡ ಅಂದ್ರೆ ಹೋಗ್ತೀವಿ," ಎನ್ನುತ್ತಾ ಮಗಳು ಎದ್ದಳು.

ಅತ್ತೆಗೆ ನಂಬಿಕೆ ಬರಲಿಲ್ಲ. "ಕೆಲ್ಸ ಇಲ್ದೆ ಒಲಕ್ಕೆ ಯಾರ್ ಬತ್ತಾರೆ? ಅಳತೆ ಗಿಳತೆ ಮಾಡಕ್ ಬಂದಿದ್ದೀರಾ?"

ಕನ್ನಡ ಬಾರದ ಅಜ್ಜಿ ಚಾಪೆ ತಟ್ಟಿ, ಒಂದು ಲೋಟ ಚಹಾ ಚಾಚಿದರು. ಅತ್ತೆ ಒಮ್ಮೆ ಹಿಂದೆ ನಿಂತಿದ್ದ ನನ್ನ ಮುಖ ನೋಡಿ ಕೂತರು. ಅವರ ಪದ್ಧತಿಯಂತೆ ಚಹಾ ಉಪ್ಪಾಗಿತ್ತು, ಆದರೂ ಪೂರ್ತಿ ಕುಡಿದರು.

"ಬುತ್ತಿ ಉಣ್ಣಕ್ ಕೂತಿದ್ದು ಬುಟ್ರೆ ಇಂಗೆ ಕೂರಕ್ ನಮಗ್ ಬರಕಿಲ್ಲ ಕಣವ್ವ," ಎಂದು ಅಜ್ಜಿಯ ಮಗಳಿಗೆ ಹೇಳಿ, ಒಂದು ಗಂಟೆ ಕೂತೇ ಇದ್ದರು.

ಸಂಜೆ ಮಾವ ಕೇಳಿದರು, "ಇಷ್ಟೊತ್ತು ಎಲ್ಲಿದ್ದೆ?"

"ಕಳೆ ಕೀಳ್ತಿದ್ದೆ," ಎಂದರು ಅತ್ತೆ.

ಸುಮ್ಮನೆ ಕೂತಿದ್ದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ನಮ್ಮಲ್ಲಿ ಸುಳ್ಳಿಗೇ ಮರ್ಯಾದೆ ಹೆಚ್ಚು.