ಪಂಪಿಗೆ ಪೂಜೆ, ಕರೀಮನಿಗೆ ಶಿಕ್ಷೆ

ಸಸಿಗಳು ಒಣಗಿದ್ದು ಬಿಸಿಲಿಗಲ್ಲ, ಉಪ್ಪುನೀರಿಗಲ್ಲ, ಕರೀಮನ ಸೋಮಾರಿತನಕ್ಕಂತೂ ಅಲ್ಲವೇ ಅಲ್ಲ. ನಮ್ಮವರು ಪಂಪಿಗೆ ಹಾರ ಹಾಕಿ ನೀರು ನಿಲ್ಲಿಸಿದರು, ಸಸಿ ಸತ್ತವು. ನಡೆದದ್ದು ಇಷ್ಟೇ. ಆಮೇಲೆ ಅವರು ಹೇಳಿದ್ದೆಲ್ಲ ಕಟ್ಟುಕಥೆ.

ತೊಂಬತ್ತರ ದಶಕದ ನಡುವಿನ ಮಾತು. ಕತಾರಿನ ಉತ್ತರಕ್ಕೆ, ಅಲ್ ಶಮಾಲ್ ಪೇಟೆಯಿಂದ ಒಳಗೆ, ಮರಳುಗಾಡಿನ ಒಂದು ಸಣ್ಣ ಹಳ್ಳಿಯ ತೋಟದಲ್ಲಿ ನಾನು ಅಡುಗೆಯವಳಾಗಿದ್ದೆ. ಓದಿದ್ದು ಮೂರನೇ ಇಯತ್ತೆ. ತೋಟ ಒಬ್ಬ ಕತಾರಿ ಮುದುಕನದು. ನನ್ನ ವೀಸಾ, ಪಂಪು ನೋಡಿಕೊಳ್ಳುತ್ತಿದ್ದ ಬಾಂಗ್ಲಾದೇಶದ ಕರೀಮನ ವೀಸಾ ಎರಡೂ ಆ ಧಣಿಯ ಹೆಸರಿನಲ್ಲೇ ಇದ್ದವು. ಅವನು ಬೇಡವೆಂದರೆ ವೀಸಾ ಕ್ಯಾನ್ಸಲ್, ಗಂಟುಮೂಟೆ ಕಟ್ಟಿ ವಿಮಾನ ಹತ್ತಬೇಕು.

ತೋಟವನ್ನು ಗುತ್ತಿಗೆ ಹಿಡಿದವರು ನಮ್ಮ ಬಿಜಾಪುರ, ಬಾಗಲಕೋಟೆ ಕಡೆಯ ಐದು ಮನೆಯವರು. ಗಂಡಸರೆಲ್ಲ ಮೆಸಯೀದ್ ಕಾರ್ಖಾನೆಗಳಲ್ಲಿ ಎಂಜಿನಿಯರುಗಳು. ಪಾಳಿ ಮುಗಿದು ರಜೆ ಸಿಕ್ಕಾಗ ಬರುತ್ತಿದ್ದರು. ದೋಹಾದ ಬಿನ್ ಒಮ್ರಾನ್ ಬಡಾವಣೆಯ ಫ್ಲ್ಯಾಟುಗಳನ್ನು ಬಿಟ್ಟು ಸಂಸಾರಗಳನ್ನು ತಗಡಿನ ಕ್ಯಾಬಿನ್ನುಗಳಿಗೆ ತಂದಿದ್ದರು. ಒಂದೇ ಒಲೆ, ಒಂದೇ ಪಂಕ್ತಿ. ರಾಸಾಯನಿಕ ಗೊಬ್ಬರವಿಲ್ಲ, ಔಷಧಿ ಹೊಡೆಯುವಂತಿಲ್ಲ. ಆಡಿನ ಹಿಕ್ಕೆ ಮತ್ತು ಅಡುಗೆಮನೆಯ ಕಸ ಕೊಳೆಸಿದ ಕಾಂಪೋಸ್ಟ್ ಮಾತ್ರ. ಅವರಲ್ಲಿ ಹಿರಿಯರಾದ ಪಾಟೀಲ ಸಾಹೇಬರು ಊಟಕ್ಕೆ ಕೂತಾಗಲೆಲ್ಲ, “ಇಲ್ಲಿ ಮಾಲಕ ಇಲ್ಲ, ಆಳೂ ಇಲ್ಲ. ಎಲ್ಲಾರೂ ನಾವು” ಎನ್ನುತ್ತಿದ್ದರು. ಪಾತ್ರೆ ತಿಕ್ಕುವಾಗ ಮಾತ್ರ ‘ನಾವು’ ಅಂದರೆ ನಾನು ಮತ್ತು ಕರೀಮ.

ಅಲ್ಲಿ ಬೇಸಿಗೆಯ ಸೊಕ್ಕು ಇಳಿದ ಮೇಲೆ ಸಸಿ ನೆಡುತ್ತಾರೆ. ಆ ವರ್ಷ ನವರಾತ್ರಿಯಲ್ಲೇ ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನು ಮಡಿಯಿಂದ ಕಿತ್ತು ಸಾಲಿಗೆ ನೆಟ್ಟೆವು. ಮರಳುನೆಲ ಬೆಳಿಗ್ಗೆ ಕುಡಿದ ನೀರನ್ನು ಮಧ್ಯಾಹ್ನದವರೆಗೂ ಇಟ್ಟುಕೊಳ್ಳುವುದಿಲ್ಲ. ಬೇರು ಹಿಡಿಯುವ ತನಕ ಎರಡು ಹೊತ್ತೂ ನೀರು ಬೇಕು.

ಅಷ್ಟರಲ್ಲಿ ಖಂಡೇ ಪೂಜೆ ಬಂತು. ಆಯುಧ ಪೂಜೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಪೂಜೆಗಿಟ್ಟ ಕುಡಗೋಲು, ಕೊಡಲಿ, ಯಂತ್ರ ಯಾವುದನ್ನೂ ಮರುದಿನ ಬನ್ನಿ ಕೊಟ್ಟು ಮುಗಿಯುವವರೆಗೆ ಮುಟ್ಟುವುದಿಲ್ಲ. ಕಾರ್ಖಾನೆಯ ಯಂತ್ರಗಳನ್ನು ಹಬ್ಬವೆಂದು ನಿಲ್ಲಿಸಲು ಯಾರು ಬಿಡುತ್ತಾರೆ? ಇವರಿಗೆ ತಮ್ಮದೆನ್ನುವ ಯಂತ್ರ ಈ ಪಂಪೊಂದೇ. ಅದನ್ನು ತೊಳೆದು, ವಿಭೂತಿ ಬಳಿದು, ಪ್ಲಾಸ್ಟಿಕ್ ಚೆಂಡುಹೂವಿನ ಹಾರ ಹಾಕಿದರು. ಪಾಟೀಲ ಸಾಹೇಬರು ಪಂಪುಮನೆಗೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದರು.

ಸಂಜೆ ಕರೀಮ ಅಡುಗೆಮನೆಯ ಬಾಗಿಲಿಗೆ ಬಂದು, ಒಳಗಿದ್ದ ಸಾಹೇಬರಿಗೆ “ಸಾಬ್, ಪಾನಿ?” ಎಂದ.

“ಆಜ್ ಪಾನಿ ಮಾಫಿ. ಮಷೀನ್ ಕೋ ಛುಟ್ಟಿ ಹೈ,” ಎಂದು ಸಾಹೇಬರು ನಕ್ಕರು. ಮಾಫಿ ಅಂದರೆ ಇಲ್ಲ.

ನಾನು ಬಾಣಲೆಯ ಮುಂದಿನಿಂದಲೇ ಹೇಳಿದೆ: “ಸಾಹೇಬ್ರ, ಮಷೀನಿಗೆ ಸೂಟಿ ಕೊಡ್ರಿ. ಸಸಿಗೋಳಿಗೆ ಯಾಕ ಉಪಾಸ?”

“ಗಂಗವ್ವಾ, ನಿನ್ನ ಕರಿಗಡಬು ಹೊತ್ತಾವು ನೋಡು. ಶಾಸ್ತ್ರದಾಗ ಕೈ ಹಾಕಬ್ಯಾಡ.”

ಮರುದಿನ ಐದೂ ಮನೆಯವರು ಬನ್ನಿ ಕೊಡಲು ದೋಹಾಕ್ಕೆ ಹೋದರು, ಕೀಲಿಯೂ ಜೇಬಿನಲ್ಲೇ ಹೋಯಿತು. ಒಣಗಾಳಿ ಬೀಸುತ್ತಿತ್ತು. ಪಂಪಿನ ನೀರು ಬೀಳುವ ತೊಟ್ಟಿಯ ತಳದಲ್ಲಿದ್ದ ನೀರನ್ನು ಕರೀಮ ಬಕೆಟ್ಟಿನಲ್ಲಿ ಹೊತ್ತು ಸಸಿಗಳಿಗೆ ಹಾಕಿದ. ಎರಡು ಸಾಲಿಗೆ ಹಾಕುವಷ್ಟರಲ್ಲಿ ತೊಟ್ಟಿ ಬತ್ತಿತು. ಇವರು ಸಂಜೆ ಬಂದು ಬೀಗ ತೆಗೆಯುವ ಹೊತ್ತಿಗೆ ಆ ಎರಡು ಸಾಲು ಬಿಟ್ಟು ಉಳಿದ ಸಸಿಗಳೆಲ್ಲ ನೆಲಕ್ಕೆ ಒರಗಿದ್ದವು.

ಧಣಿಗೆ ಸುದ್ದಿ ಹೋಯಿತು. ಬೆಳೆಯಲ್ಲಿ ಅವನಿಗೂ ಪಾಲಿತ್ತು. ಬೆಳಿಗ್ಗೆ ಬಂದು ವಿಚಾರಿಸುತ್ತೇನೆಂದು ಹೇಳಿಕಳಿಸಿದ. ಇಲ್ಲಿ ಆ ರಾತ್ರಿ ಊಟದ ಪಂಕ್ತಿಯಲ್ಲೇ ಸಭೆ ಸೇರಿತು. ಕರೀಮನನ್ನು ಕರೆಯಲಿಲ್ಲ. ನನ್ನ ಕೈಯಲ್ಲಿ ಸೌಟು ಇದ್ದುದರಿಂದ ನಾನಿದ್ದೆ.

“ಪೂಜಿಗೆ ಬಂದ್ ಇಟ್ಟಿದ್ವಿ ಅಂದ್ರ ಗುತ್ತಿಗಿ ಖಲಾಸ್,” ಎಂದರು ಸಾಹೇಬರು. “ಕರೀಮ ನೀರು ಬಿಡಲಿಲ್ಲ ಅಂತ ಹೇಳೋಣು.”

“ಎರಡು ಸಾಲಿಗೆ ಹಾಕಿದಾವ ಉಳಿದದ್ದಕ್ಕ ಯಾಕ ಹಾಕಲಿಲ್ಲ? ಅಲ್ಲೇ ಗೊತ್ತಾತಲ್ಲ ಅವನ ಮೈಗಳ್ಳತನ,” ಎಂದರು ಅವರ ಹೆಂಡತಿ ಸುಮಂಗಲಾಬಾಯಿ.

ಅವನು ಬೆನ್ನು ಮುರಿದು ಉಳಿಸಿದ ಎರಡು ಸಾಲನ್ನೇ ಅವನ ಕೊರಳಿಗೆ ಕಟ್ಟಲು ಹೊರಟಿದ್ದರು.

“ಬಾಯಾರ, ಕೀಲಿ ನಿಮ್ಮ ಯಜಮಾನ್ರ ಕಿಸೇದಾಗಿತ್ತು,” ಎಂದೆ.

“ಪೂಜಿ ಎಲ್ಲಾರೂ ಕೂಡಿ ಮಾಡಿದ್ದು, ಗಂಗವ್ವಾ,” ಎಂದರು ಸಾಹೇಬರು.

“ಹಂಗಾರ ಎಲ್ಲಾರೂ ಕೂಡಿ ವಿಮಾನ ಹತ್ತರಿ. ಅವನೊಬ್ಬನ್ನ ಯಾಕ ಹತ್ತಸ್ತೀರಿ?”

ಒಬ್ಬರು ಮಜ್ಜಿಗೆ ಕೇಳಿದರು. ಅಷ್ಟಕ್ಕೇ ಸಭೆ ಮುಗಿಯಿತು.

ಕರೀಮನ ಮನೆಯಲ್ಲಿ ಯಾರಿದ್ದಾರೆ, ಎಷ್ಟು ಕಷ್ಟವಿದೆ ಎಂದು ನಾನು ಎಂದೂ ಕೇಳಿದವಳಲ್ಲ. ಕೇಳಬೇಕಾಗಿಯೂ ಇರಲಿಲ್ಲ. ತಪ್ಪು ಮಾಡದವನನ್ನು ಕಳಿಸಬಾರದು, ಅವನು ಬಡವನಾದರೂ ಸರಿ, ಸಾಹುಕಾರನಾದರೂ ಸರಿ. ಆ ತೋಟದ ಕೆಲಸ ನನಗೆ ಕಲಿಸಿದ್ದು ಇದು: ಕೂಡಿ ಬಾಳುತ್ತೇವೆ ಎನ್ನುವವರ ಪಂಕ್ತಿ ಎಷ್ಟು ಉದ್ದವಿದೆ ಎಂದು ನಾನೀಗ ನೋಡುವುದಿಲ್ಲ. ಏನಾದರೂ ಕೆಟ್ಟಾಗ ಮೊದಲು ಯಾರ ಹೆಸರು ಹೇಳುತ್ತಾರೆ ಎಂದು ನೋಡುತ್ತೇನೆ.

ಮರುದಿನ ಬೆಳಿಗ್ಗೆ ಒಲೆ ಹಚ್ಚದೆ ಗೇಟಿಗೆ ಹೋಗಿ ನಿಂತೆ. ಧಣಿಯ ಪಿಕಪ್ ಬಂತು. ನನಗೆ ಬರುತ್ತಿದ್ದದ್ದು ಅಡುಗೆಮನೆಯ ನಾಲ್ಕು ಮಾತು ಅರಬ್ಬಿ. “ಕರೀಮ್ ಮಾಫಿ ಗಲತ್,” ಎಂದೆ, ಕರೀಮನದು ತಪ್ಪಿಲ್ಲ ಎಂದು. ಕೀಲಿಗೆ ಅವರ ಮಾತಿನಲ್ಲಿ ಮಿಫ್ತಾಹ್. “ಮಿಫ್ತಾಹ್ ಪಾಟೀಲ್,” ಎಂದು ಕ್ಯಾಬಿನ್ನಿನ ಕಡೆ ಬೆರಳು ತೋರಿಸಿದೆ. ಧಣಿ ಸಾಹೇಬರನ್ನು ಕರೆಸಿ ಕೇಳಿದ. ಹಿಂದೆ ನಾನು ನಿಂತಿದ್ದೆ, ಸುಳ್ಳು ಹೇಳಲಾಗದೆ ಅವರು ಹೌದು, ಕೀಲಿ ತಮ್ಮಲ್ಲೇ ಇತ್ತು ಎಂದು ತಲೆಯಾಡಿಸಿದರು. ಧಣಿ ಗುತ್ತಿಗೆಯ ಮಾತೆತ್ತದೆ, ಪಂಪುಮನೆಯ ಬಳಿ ನಿಂತಿದ್ದ ಕರೀಮನ ಕಡೆ ತಿರುಗಿ, “ಯಲ್ಲಾ, ಶುಗುಲ್,” ಎಂದ. ನಡಿ, ಕೆಲಸ ನೋಡು ಎಂದು.

ಒಳಗೆ ಸುಮಂಗಲಾಬಾಯಿ ತಣ್ಣನೆಯ ಒಲೆಯ ಮುಂದೆ ನಿಂತು, “ಗಂಗವ್ವಾ, ಉಪ್ಪಿಟ್ಟು?” ಎಂದರು.

“ರವಾ ಡಬ್ಬಿ ಮ್ಯಾಲಿನ ಕಪಾಟಿನಾಗ ಐತ್ರಿ,” ಎಂದು ಹೇಳಿ, ಟೊಮೆಟೊ ಬೀಜದ ಪೊಟ್ಟಣ ಎತ್ತಿಕೊಂಡು ಹೊಸ ಮಡಿ ಮಾಡಲು ಕರೀಮನ ಹಿಂದೆ ಹೋದೆ.